ಅಡುಗೆಮನೆ ಪ್ರಶ್ನೋತ್ತರ: ಬೇಯದ ಕಾಳು, ನೀರು ಬಿಟ್ಟ ತರಕಾರಿ, ಸಪ್ಪೆಯಾದ ಊಟ

ಪಾಲಿಶ್ ಮಾಡದ ಧಾನ್ಯ, ಇಡೀ ಕಾಳು, ತಾಜಾ ತರಕಾರಿ ಇಟ್ಟುಕೊಂಡು ಮನೆಯಲ್ಲೇ ಅಡುಗೆ ಮಾಡಹೊರಟವರ ಪತ್ರಗಳೇ ಈ ಸಲ ಹೆಚ್ಚು. ದೂರುಗಳು ಬೇರೆಬೇರೆ. ಆದರೆ ಮುಕ್ಕಾಲು ಪಾಲು ಪತ್ರಗಳಲ್ಲಿ ಸಾಮಾನು ಸರಿಯಾಗಿಯೇ ಇದೆ, ಯಾವುದನ್ನು ಯಾವಾಗ ಹಾಕಬೇಕು ಎಂಬಲ್ಲಿ ಎಡವಟ್ಟಾಗಿದೆ.

ಪ್ರಶ್ನೆ: ರಾತ್ರಿಯಿಡೀ ನೆನೆಸಿದರೂ ಕಡಲೆಕಾಳು, ರಾಜ್ಮಾ ಸರಿಯಾಗಿ ಬೇಯುವುದಿಲ್ಲ. ಸಿಪ್ಪೆ ಬಿಚ್ಚಿ ಮೇಲೆ ತೇಲುತ್ತದೆ, ಕಾಳಿನ ಒಳಗೆ ಮಾತ್ರ ಗಟ್ಟಿ. ಟೊಮೆಟೊ ಜೊತೆಗೇ ಬೇಯಲು ಇಡುತ್ತೇನೆ, ಉಪ್ಪನ್ನು ಮಾತ್ರ ಎಲ್ಲರೂ ಹೇಳುವಂತೆ ಕೊನೆಗೆ ಹಾಕುತ್ತೇನೆ. ಆರು ವಿಷಲ್ ಕೂಗಿಸಿದರೂ ಇದೇ ಕಥೆ.

ಉತ್ತರ: ಉಪ್ಪು, ಟೊಮೆಟೊ ಎರಡರ ಸರದಿಯೂ ಅದಲುಬದಲಾಗಿದೆ. ಉಪ್ಪು ಮೊದಲೇ ಬರಲಿ, ಟೊಮೆಟೊ ಕೊನೆಗೆ ಬರಲಿ.

ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಪದಾರ್ಥ. ಕ್ಯಾಲ್ಸಿಯಂ, ಮೆಗ್ನೀಸಿಯಂ ಅದನ್ನು ಬಿಗಿಗೊಳಿಸುತ್ತವೆ. ಉಪ್ಪಿನಲ್ಲಿರುವ ಸೋಡಿಯಂ ಅವುಗಳ ಜಾಗಕ್ಕೆ ಬಂದು ಕೂತರೆ ಬಿಗಿ ಸಡಿಲವಾಗಿ ಸಿಪ್ಪೆ ಬೇಗ ಮೆತ್ತಗಾಗುತ್ತದೆ. ಹುಳಿ ಮಾಡುವುದು ಇದಕ್ಕೆ ತದ್ವಿರುದ್ಧ ಕೆಲಸ: ಪೆಕ್ಟಿನ್ ಕರಗಲು ಬಿಡುವುದೇ ಇಲ್ಲ. ಅರ್ಧ ಬೆಂದ ಕಾಳಿಗೆ ಟೊಮೆಟೊ, ಹುಣಸೆ ಅಥವಾ ನಿಂಬೆ ಬಿತ್ತೆಂದರೆ ಆಮೇಲೆ ಗಂಟೆಗಟ್ಟಲೆ ಕುದಿಸಿದರೂ ಅದು ಅಲ್ಲೇ ನಿಲ್ಲುತ್ತದೆ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ಬಾಯಿಂದ ಬಾಯಿಗೆ ಬಂದದ್ದು. ನೀವೇ ಒಮ್ಮೆ ಎರಡು ಪಾತ್ರೆಯಲ್ಲಿ ನೆನೆಸಿ ನೋಡಿದರೆ ಗೊತ್ತಾಗುತ್ತದೆ.

ನೆನೆಸುವ ಅಳತೆ: ಒಂದು ಲೀಟರ್ ನೀರಿಗೆ 15 ಗ್ರಾಂ ಉಪ್ಪು, 8ರಿಂದ 12 ಗಂಟೆ. ಸೆಖೆ ಇದ್ದರೆ ಫ್ರಿಜ್ಜಿನಲ್ಲಿಡಿ. ಹೊರಗಿಟ್ಟರೆ ನೊರೆ ಬಂದು ಹುಳಿಯಾಗುತ್ತದೆ, ಆ ಹುಳಿಯೂ ಕಾಳನ್ನು ಗಟ್ಟಿ ಮಾಡುತ್ತದೆ. ನೆನೆಸಿದ ನೀರು ಚೆಲ್ಲಿ, ತೊಳೆದು, ಹೊಸ ನೀರಿನಲ್ಲಿ ಬೇಯಿಸಿ.

ಇನ್ನು ತೇಲುವ ಸಿಪ್ಪೆ. ಉರಿ ಆರಿಸಿದ ಕೂಡಲೇ ವಿಷಲ್ ಎತ್ತಿ ಆವಿ ಬಿಡುವ ಅಭ್ಯಾಸ ನಿಮಗೆ ಇರಬೇಕು. ಕುಕ್ಕರಿನ ಒಳಗೆ ಬಿಸಿ ಸುಮಾರು 120 ಡಿಗ್ರಿ. ಒತ್ತಡ ಥಟ್ಟನೆ ಇಳಿದರೆ ಕಾಳಿನೊಳಗಿನ ನೀರು ಅಲ್ಲೇ ಭುಗಿಲೆಂದು ಕುದಿದು ಸಿಪ್ಪೆ ಹರಿಯುತ್ತದೆ. ತಾನಾಗಿ ಒತ್ತಡ ಇಳಿಯಲು ಹದಿನೈದು ಇಪ್ಪತ್ತು ನಿಮಿಷ ಬಿಡಿ. ವಿಷಲ್ ಎಣಿಸುವುದನ್ನೂ ನಿಲ್ಲಿಸಿ. ಉರಿ ಎಷ್ಟಿದೆ, ಕುಕ್ಕರ್ ಎಷ್ಟು ದೊಡ್ಡದು ಎಂಬುದರ ಮೇಲೆ ಆರು ವಿಷಲ್ ಎಂಟು ನಿಮಿಷವೂ ಆಗಬಹುದು, ಇಪ್ಪತ್ತು ನಿಮಿಷವೂ ಆಗಬಹುದು. ಮೊದಲ ವಿಷಲ್ ಬಂದ ಮೇಲೆ ಉರಿ ಸಣ್ಣದು ಮಾಡಿ ಗಡಿಯಾರ ನೋಡಿ: ನೆನೆದ ಕಡಲೆಗೆ 15ರಿಂದ 20 ನಿಮಿಷ, ರಾಜ್ಮಾಗೆ 12ರಿಂದ 15. ಕಾಳು ಮತ್ತು ನೀರು ಸೇರಿ ಕುಕ್ಕರಿನ ಅರ್ಧ ದಾಟಬಾರದು, ನೊರೆ ಉಕ್ಕಿ ವಿಷಲ್ ತೂತು ಕಟ್ಟಿಕೊಳ್ಳುತ್ತದೆ. ಬೆಂದಿದೆಯೇ ಎಂದು ಒಂದೇ ಕಾಳು ಹಿಚುಕಿ ತೀರ್ಮಾನಿಸಬೇಡಿ. ಬೇರೆಬೇರೆ ಕಡೆಯಿಂದ ಐದು ಕಾಳು ತೆಗೆದು ನಾಲಿಗೆಯಿಂದ ಅಂಗುಳಕ್ಕೆ ಒತ್ತಿ. ಹಲ್ಲಿನ ಸಹಾಯವಿಲ್ಲದೆ ಐದೂ ಕರಗಬೇಕು.

ಇಷ್ಟಾದರೂ ಬೇಯದಿದ್ದರೆ ಕಾರಣ ಎರಡೇ. ನೀರು ಗಡಸಾಗಿದ್ದರೆ ಅರ್ಧ ಕಿಲೋ ಕಾಳಿಗೆ ಕಾಲು ಟೀ ಚಮಚ ಅಡುಗೆ ಸೋಡಾ ಸಾಕು. ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ, ಬಿ1 ಜೀವಸತ್ವವೂ ಹಾಳಾಗುತ್ತದೆ. ಎರಡನೆಯದು ಹಳೆಯ ಕಾಳು. ರಾತ್ರಿ ನೆನೆದ ಮೇಲೂ ಊದದೆ ಸಣ್ಣಗೆ, ಕಲ್ಲಿನಂತೆ ಉಳಿದವನ್ನು ಆರಿಸಿ ಎಸೆಯಿರಿ. ಅವು ಬೇಯುವುದಿಲ್ಲ.

ರಾಜ್ಮಾ ಬಗ್ಗೆ ಒಂದು ಎಚ್ಚರಿಕೆಯ ಮಾತು. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಾಂಶವಿದೆ. ನಾಲ್ಕೈದು ಹಸಿ ಕಾಳು ತಿಂದರೂ ವಾಂತಿ, ಭೇದಿ ಆಗಬಹುದು. ಕುಕ್ಕರಿನಲ್ಲಿ ಚೆನ್ನಾಗಿ ಬೆಂದರೆ ಭಯವಿಲ್ಲ. ತೆರೆದ ಪಾತ್ರೆಯಲ್ಲಾದರೆ ಮೊದಲು ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಲೇಬೇಕು. ಮಂದ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರಿಗೆ ಹಸಿ ರಾಜ್ಮಾ ಹಾಕಬೇಡಿ, ಅಲ್ಲಿ ಕುದಿಯುವಷ್ಟು ಬಿಸಿ ಸಿಗದೆ ವಿಷಾಂಶ ಇನ್ನೂ ಹೆಚ್ಚಬಹುದು.

ಪ್ರಶ್ನೆ: ಕಾಳು ತಿನ್ನಲು ಶುರುಮಾಡಿದ ಮೇಲೆ ಹೊಟ್ಟೆ ಉಬ್ಬರ ವಿಪರೀತ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ, ಕಡಿಮೆ ಮಾಡಿ. ಕಾಳಿನ ಕೆಲವು ಸಕ್ಕರೆಗಳನ್ನು ನಮ್ಮ ಹೊಟ್ಟೆ ಅರಗಿಸಲಾರದು. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅವನ್ನು ತಿಂದು ಗಾಳಿ ಬಿಡುತ್ತವೆ. ದಿನಕ್ಕೆ ಮೂರು ದೊಡ್ಡ ಚಮಚ ಬೆಂದ ಕಾಳಿನಿಂದ ಹೊರಟು ಮೂರು ನಾಲ್ಕು ವಾರದಲ್ಲಿ ಒಂದು ಬಟ್ಟಲಿಗೆ ಬನ್ನಿ. ನೆನೆಸಿದ ನೀರು ಚೆಲ್ಲುವುದರಿಂದ ಆ ಸಕ್ಕರೆಯ ಒಂದು ಪಾಲು ಹೋಗುತ್ತದೆ. ಸಿಪ್ಪೆ ತೆಗೆದ ಬೇಳೆ ಇಡೀ ಕಾಳಿಗಿಂತ ಹಗುರ. ನಾರು ಹೆಚ್ಚಿದಂತೆ ನೀರು ಕುಡಿಯುವುದೂ ಹೆಚ್ಚಬೇಕು, ಇಲ್ಲವಾದರೆ ಉಬ್ಬರದ ಜೊತೆಗೆ ಮಲಬದ್ಧತೆಯೂ ಸೇರಿಕೊಳ್ಳುತ್ತದೆ.

ಪ್ರಶ್ನೆ: ಎಣ್ಣೆ ಕಡಿಮೆ ಮಾಡಿ ತರಕಾರಿ ಹುರಿಯಲು ಹೋದರೆ ನೀರು ಬಿಟ್ಟುಕೊಂಡು ಬೇಯಿಸಿದಂತಾಗುತ್ತದೆ. ಓವನ್ನಿನಲ್ಲಿಟ್ಟರೂ ಹಾಗೇ.

ಉತ್ತರ: ತಪ್ಪು ಎಣ್ಣೆಯದಲ್ಲ, ಜಾಗದ್ದು. ತರಕಾರಿ ಕೆಂಪಗಾಗಿ ಘಮ ಬರುವ ಕ್ರಿಯೆ ಚುರುಕಾಗುವುದು 140 ಡಿಗ್ರಿ ದಾಟಿದ ಮೇಲೆ. ಹೋಳುಗಳ ಸುತ್ತ ನೀರಿರುವವರೆಗೆ ಬಿಸಿ 100 ಡಿಗ್ರಿಯಿಂದ ಮೇಲೇರುವುದಿಲ್ಲ. ಬಾಣಲೆ ತುಂಬ ಹೋಳು ಸುರಿದರೆ ಆವಿ ಹೊರಹೋಗಲು ದಾರಿ ಇಲ್ಲದೆ ಎಲ್ಲವೂ ತಮ್ಮ ನೀರಿನಲ್ಲೇ ಬೇಯುತ್ತವೆ.

ತೊಳೆದ ತರಕಾರಿಯನ್ನು ಬಟ್ಟೆಯಿಂದ ಒರೆಸಿ ಒಣಗಿಸಿ. ಅರ್ಧ ಕಿಲೋ ಹೋಳಿಗೆ ಒಂದು ಟೇಬಲ್ ಚಮಚ ಎಣ್ಣೆ ಸಾಕು. ಆದರೆ ಅದನ್ನು ಬಾಣಲೆಗೆ ಸುರಿಯದೆ ಹೋಳಿಗೆ ಕೈಯಿಂದ ಸವರಿ. ಓವನ್ ಆದರೆ 210ರಿಂದ 220 ಡಿಗ್ರಿಗೆ ಮೊದಲೇ ಕಾದಿರಬೇಕು, ತಟ್ಟೆಯೂ ಒಳಗೇ ಕಾದಿದ್ದರೆ ಇನ್ನೂ ಒಳ್ಳೆಯದು. ಹೋಳುಗಳ ನಡುವೆ ಬೆರಳು ತೂರುವಷ್ಟು ಜಾಗ ಬಿಟ್ಟು ಒಂದೇ ಪದರ ಹರಡಿ. ಎರಡು ಸೆಂಟಿಮೀಟರ್ ಕ್ಯಾರೆಟ್ ಹೋಳಿಗೆ 25ರಿಂದ 30 ನಿಮಿಷ, ಹೂಕೋಸಿಗೆ ಸುಮಾರು 25 ನಿಮಿಷ. ಅರ್ಧ ಹೊತ್ತಾದಾಗ ಒಮ್ಮೆ ಮಗುಚಿ.

ಒಲೆಯ ಮೇಲಾದರೆ ಕಿವಿಗೆ ಕೆಲಸ ಕೊಡಿ. ಕಾದ ದಪ್ಪ ಬಾಣಲೆಗೆ ಹೋಳು ಬಿದ್ದ ತಕ್ಷಣ ಜೋರಾಗಿ ಚುಂಯ್ ಎನ್ನಬೇಕು. ಆ ಸದ್ದು ಇಳಿದು ಬುಳುಬುಳು ಎಂದರೆ ನೀರು ಬಿಟ್ಟಿತೆಂದೇ ಅರ್ಥ. ಅರ್ಧ ಹೋಳು ಬೇರೆ ತಟ್ಟೆಗೆ ತೆಗೆದು ಎರಡು ಕಂತಿನಲ್ಲಿ ಹುರಿಯಿರಿ. ಹಾಕಿದ ಮೇಲೆ ಎರಡು ಮೂರು ನಿಮಿಷ ಸೌಟು ಮುಟ್ಟಬೇಡಿ. ಮುಚ್ಚಳವಂತೂ ಬೇಡವೇ ಬೇಡ. ಹೋಳಿನ ತಳ ಕೆಂಪಾದಾಗ ಅದು ತಾನೇ ಬಾಣಲೆ ಬಿಡುತ್ತದೆ. ಎಬ್ಬಿಸಲು ಕೆರೆಯಬೇಕಾಗಿ ಬಂದರೆ ಇನ್ನೂ ಹೊತ್ತಿದೆ ಎಂದು ತಿಳಿಯಿರಿ. ಅಣಬೆಗೆ ಉಪ್ಪು ಕೊನೆಗೆ ಹಾಕಿ, ಮೊದಲೇ ಹಾಕಿದರೆ ನೀರು ಎಳೆದುಬಿಡುತ್ತದೆ.

ಪ್ರಶ್ನೆ: ವೈದ್ಯರು ಉಪ್ಪು ಕಡಿಮೆ ಮಾಡಿ ಎಂದಿದ್ದಾರೆ. ಮನೆಯಲ್ಲಿ ಎಲ್ಲರೂ ‘ಸಪ್ಪೆ’ ಎಂದು ತಟ್ಟೆ ಸರಿಸುತ್ತಾರೆ. ಉಪ್ಪಿಲ್ಲದೆ ರುಚಿ ತರುವುದು ಹೇಗೆ?

ಉತ್ತರ: ಉಪ್ಪಿಲ್ಲದೆ ಅಲ್ಲ, ಕಡಿಮೆ ಉಪ್ಪಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಹೆಚ್ಚುಕಡಿಮೆ ಒಂದು ಟೀ ಚಮಚ. ನಾಲಿಗೆಗೆ ಸರಿ ಎನ್ನಿಸುವ ಉಪ್ಪು ಸಾಮಾನ್ಯವಾಗಿ ಅಡುಗೆಯ ತೂಕದ ಶೇ. 1ರ ಆಸುಪಾಸಿನಲ್ಲಿರುತ್ತದೆ. ದಿನಕ್ಕೆ ಒಂದು ಕಿಲೋ ಅಂಥ ಅಡುಗೆ ತಿಂದರೆ 10 ಗ್ರಾಂ ಆಯಿತು. ಹಾಗಾಗಿ ಕೈ ಅಂದಾಜು ಬಿಟ್ಟು ಚಮಚ ಹಿಡಿಯಿರಿ, ವಾರಕ್ಕೊಮ್ಮೆ ಸ್ವಲ್ಪಸ್ವಲ್ಪ ಇಳಿಸಿ. ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಒಂದೇ ದಿನ ಅರ್ಧಕ್ಕೆ ಇಳಿಸಿದರೆ ತಟ್ಟೆ ಸರಿಸುವುದು ಸಹಜ.

ಸಪ್ಪೆ ಎನಿಸಿದ ಅಡುಗೆಗೆ ಬೇಕಾಗಿರುವುದು ಎಷ್ಟೋ ಸಲ ಉಪ್ಪಲ್ಲ, ಹುಳಿ. ಪರೀಕ್ಷೆ ಸುಲಭ. ಒಲೆ ಆರಿಸುವ ಮುನ್ನ ಎರಡು ಪುಟ್ಟ ಬಟ್ಟಲಿಗೆ ಎರಡೆರಡು ಚಮಚ ತೆಗೆದುಕೊಳ್ಳಿ. ಒಂದಕ್ಕೆ ಮೂರು ತೊಟ್ಟು ನಿಂಬೆರಸ, ಇನ್ನೊಂದಕ್ಕೆ ನಾಲ್ಕಾರು ಕಾಳು ಉಪ್ಪು. ಎರಡನ್ನೂ ಸವಿದ ಮೇಲೆ ಯಾವುದು ಬೇಕೋ ಅದನ್ನು ಪಾತ್ರೆಗೆ ಹಾಕಿ. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಬೇಕು, ಕುದಿದರೆ ಪರಿಮಳ ಹಾರಿ ಬರೀ ಹುಳಿ ಉಳಿಯುತ್ತದೆ.

ಟೊಮೆಟೊ ಬೀಜದ ಸುತ್ತಲಿನ ಲೋಳೆಯನ್ನು ಎಸೆಯಬೇಡಿ. ಬಾಯಲ್ಲಿ ನಿಲ್ಲುವ ಆ ಗಾಢ ರುಚಿಯ ಗ್ಲುಟಮೇಟ್ ತಿರುಳಿಗಿಂತ ಅಲ್ಲೇ ಹೆಚ್ಚು. ಒಣ ಅಣಬೆ ನೆನೆಸಿದ ನೀರೂ ಅಂಥದ್ದೇ, ಸೋಸಿ ಬಳಸಿ. ಈರುಳ್ಳಿಯನ್ನು ಸಣ್ಣ ಉರಿಯಲ್ಲಿ 40 ನಿಮಿಷ ಬಾಡಿಸಿದರೆ ಜೇನಿನ ಬಣ್ಣ, ಸಿಹಿ ಎರಡೂ ಬರುತ್ತವೆ. ಹತ್ತು ನಿಮಿಷದಲ್ಲಿ ಆಗುತ್ತದೆ ಎನ್ನುವ ಪಾಕವಿಧಾನಗಳನ್ನು ನಂಬಬೇಡಿ. ಇಡೀ ಮಸಾಲೆಯನ್ನು ಒಣಬಾಣಲೆಯಲ್ಲಿ ಒಂದೆರಡು ನಿಮಿಷ, ಘಮ ಬರುವವರೆಗೆ ಬಿಸಿ ಮಾಡಿ, ಆರಿದ ಮೇಲೆ ಪುಡಿ ಮಾಡಿ. ಪುಡಿಯನ್ನೇ ಎಣ್ಣೆಗೆ ಹಾಕುವುದಾದರೆ ಅರ್ಧ ನಿಮಿಷದಲ್ಲಿ ಸೀದು ಕಹಿಯಾಗುತ್ತದೆ, ಪಕ್ಕದಲ್ಲೇ ಎರಡು ಚಮಚ ನೀರು ಇರಲಿ. ಬೆಳ್ಳುಳ್ಳಿ ಜಜ್ಜಿದ ಕೂಡಲೇ ಬಿಸಿಗೆ ಹಾಕಬೇಡಿ. ಖಾರದ ಅಲಿಸಿನ್ ಹುಟ್ಟುವುದು ಜಜ್ಜಿದ ಮೇಲೆ, ಅದಕ್ಕೆ ಹತ್ತು ನಿಮಿಷ ಕೊಡಿ.

ಕಡಿಮೆ ಸೋಡಿಯಂ ಉಪ್ಪು ಎಂದು ಮಾರುವ ಪುಡಿಗಳಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಪ್ರಶ್ನೆ: ಸೊಪ್ಪು ಬೇಯಿಸಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಸೋಡಾ ಹಾಕಬಹುದೇ?

ಉತ್ತರ: ಬೇಡ. ಹಸಿರು ಉಳಿಯುತ್ತದೆ ನಿಜ, ಆದರೆ ಸೊಪ್ಪು ಲೋಳೆಯಾಗುತ್ತದೆ, ಸಿ ಜೀವಸತ್ವ ಹೋಗುತ್ತದೆ. ಸೊಪ್ಪಿನಲ್ಲೇ ಇರುವ ಆಮ್ಲ ಬಿಸಿಗೆ ಹೊರಬಂದು ಹಸಿರನ್ನು ಕೆಡಿಸುತ್ತದೆ. ಮುಚ್ಚಳ ತೆಗೆದಿಟ್ಟರೆ ಆವಿಯ ಜೊತೆ ಅದೂ ಒಂದಿಷ್ಟು ಹೋಗುತ್ತದೆ. ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಬೇಯಿಸಬೇಡಿ, ತೊಳೆದಾಗ ಅಂಟಿದ ನೀರೇ ಸಾಕು. ಹುಳಿ ತಟ್ಟೆಗೆ ಬಡಿಸುವಾಗ ಬೆರೆಸಿ. ಸೊಪ್ಪು, ಕಾಳುಗಳ ಕಬ್ಬಿಣಾಂಶ ಮೈಗೆ ಹಿಡಿಯಲು ನಿಂಬೆಯ ಸಿ ಜೀವಸತ್ವ ನೆರವಾಗುತ್ತದೆ. ಊಟದ ಜೊತೆ ಕುಡಿಯುವ ಚಹಾ, ಕಾಫಿ ಅದನ್ನು ತಡೆಯುತ್ತವೆ, ಒಂದು ಗಂಟೆ ಅಂತರವಿರಲಿ.

ಪ್ರಶ್ನೆ: ಪಾಲಿಶ್ ಮಾಡದ ಅಕ್ಕಿಯ ಅನ್ನ ಒಂದೋ ಮುದ್ದೆ, ಇಲ್ಲವೇ ಒಳಗೆ ನುಚ್ಚು. ಈಚೆಗೆ ಒಂಥರಾ ಕಮಟು ವಾಸನೆ ಬೇರೆ.

ಉತ್ತರ: ವಾಸನೆ ಅಕ್ಕಿಯದ್ದು, ಅಡುಗೆಯದ್ದಲ್ಲ. ತೌಡಿನಲ್ಲಿರುವ ಎಣ್ಣೆ ಗಾಳಿ, ಬಿಸಿಗೆ ಕೆಡುತ್ತದೆ. ಒಂದು ಹಿಡಿ ಅಕ್ಕಿ ಅಂಗೈಯಲ್ಲಿ ಉಜ್ಜಿ ಮೂಸಿ, ಹಳೆಯ ಎಣ್ಣೆಯ ವಾಸನೆ ಬಂದರೆ ಆ ಚೀಲ ಬಿಡಿ. ಮುಂದೆ ಸ್ವಲ್ಪಸ್ವಲ್ಪವೇ ತಂದು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಸಾಧ್ಯವಿದ್ದರೆ ಫ್ರಿಜ್ಜಿನಲ್ಲಿಡಿ.

ಬೇಯಿಸಲು: ತೊಳೆದು ಒಂದು ಗಂಟೆ ನೆನೆಸಿ. ಒಂದು ಲೋಟಕ್ಕೆ ಎರಡು ಲೋಟ ನೀರು. ಕುದಿ ಬಂದ ಮೇಲೆ ಉರಿ ಪೂರ್ತಿ ಸಣ್ಣದು, ಮುಚ್ಚಿ 35 ನಿಮಿಷ, ಆರಿಸಿ ಮುಚ್ಚಳ ತೆಗೆಯದೆ ಇನ್ನೂ 10 ನಿಮಿಷ. ದೊಡ್ಡ ಉರಿಯಲ್ಲಿಟ್ಟರೆ ತೌಡು ದಾಟಿ ನೀರು ಒಳಗಿಳಿಯುವ ಮೊದಲೇ ಪಾತ್ರೆಯ ನೀರು ಆರಿಹೋಗುತ್ತದೆ, ಅದಕ್ಕೇ ನುಚ್ಚು. ಗಾಬರಿಯಾಗಿ ಮತ್ತೆ ನೀರು ಸುರಿದು ಕಲಕಿದರೆ ಮುದ್ದೆ. ಲೆಕ್ಕವೇ ಬೇಡ ಎನ್ನುವವರಿಗೆ ಆರು ಪಟ್ಟು ನೀರಿನಲ್ಲಿ ಕುದಿಸಿ, ಬಸಿದು, ಹತ್ತು ನಿಮಿಷ ಮುಚ್ಚಿಡುವ ದಾರಿ ಇದೆ. ಅಗುಳು ಉದುರುದುರಾಗುತ್ತದೆ, ಅಕ್ಕಿಯಲ್ಲಿರುವ ವಿಷಕಾರಿ ಆರ್ಸೆನಿಕ್‌ನ ಒಂದು ಪಾಲೂ ಬಸಿದುಹೋಗುತ್ತದೆ.

ಪ್ರಶ್ನೆ: ಭಾನುವಾರವೇ ವಾರಕ್ಕಾಗುವಷ್ಟು ಮಾಡಿಟ್ಟುಕೊಳ್ಳಬಹುದೇ?

ಉತ್ತರ: ಕಾಳನ್ನು ಮಾಡಿಡಿ, ಅನ್ನವನ್ನು ಬೇಡ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೆ ಬೆಚ್ಚಗೆ ಕೂತಿದ್ದರೆ ಅವು ಮೊಳೆತು, ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಒಂದು ಗಂಟೆಯೊಳಗೆ ಫ್ರಿಜ್ಜಿಗಿಟ್ಟು ಮರುದಿನ ಮುಗಿಸಿ. ಬಿಸಿ ಮಾಡುವುದು ಒಮ್ಮೆ ಮಾತ್ರ, ಹೊಗೆಯಾಡುವಷ್ಟು.

ಬೆಂದ ಕಾಳು ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ, ಫ್ರೀಜರಿನಲ್ಲಿ ಮೂರು ತಿಂಗಳು ಚೆನ್ನಾಗಿರುತ್ತದೆ. ಒಂದು ಲೋಟ ಒಣ ಕಾಳು ಬೆಂದಾಗ ಎರಡೂವರೆಯಿಂದ ಮೂರು ಲೋಟವಾಗುತ್ತದೆ, ಅದಕ್ಕೆ ತಕ್ಕಂತೆ ಡಬ್ಬಿ ಎತ್ತಿಡಿ. ಬೆಂದ ನೀರಿನ ಸಮೇತ, ಒಂದು ಹೊತ್ತಿಗೆ ಬೇಕಾದಷ್ಟೇ ತುಂಬಿಸಿ. ನೀರಿಲ್ಲದಿದ್ದರೆ ಕಾಳು ಒಣಗಿ ಬಿರುಕು ಬಿಡುತ್ತದೆ. ಹೆಪ್ಪುಗಟ್ಟುವಾಗ ನೀರು ಹಿಗ್ಗುವುದರಿಂದ ಮೇಲೆ ಎರಡು ಬೆರಳು ಜಾಗ ಬಿಡಿ, ಮುಚ್ಚಳದ ಮೇಲೆ ತಾರೀಖು ಬರೆಯಿರಿ. ಈರುಳ್ಳಿ, ಮಸಾಲೆ, ಹುಳಿ ಇವನ್ನೆಲ್ಲ ಬೆರೆಸದೆ ಬರೀ ಉಪ್ಪು ಹಾಕಿ ಬೇಯಿಸಿದ್ದನ್ನೇ ಇಟ್ಟರೆ ಸೋಮವಾರ ಸೂಪ್ ಮಾಡಬಹುದು, ಬುಧವಾರ ಹಸಿ ತರಕಾರಿಯ ಜೊತೆ ಕಲಸಬಹುದು.