ಉಪಗ್ರಹ ಚಿತ್ರದಲ್ಲಿ ಹಸಿರು ಜಾಸ್ತಿ ಕಂಡರೆ ಕಾಡು ಬೆಳೆದಿದೆ ಅಂತಲಾ?

ಪ್ರಶ್ನೆ: ಕಾರ್ಕಳದ ಹತ್ತಿರ ನಮ್ಮೂರು. 1990ರ ಉಪಗ್ರಹ ಚಿತ್ರಕ್ಕಿಂತ ಈಗಿನದರಲ್ಲಿ ಹಸಿರು ತುಂಬಾ ಜಾಸ್ತಿ ಕಾಣುತ್ತದೆ. ಕಾಡು ಹೆಚ್ಚಾಗಿದೆ ಅನ್ನಬಹುದಾ?

ಉತ್ತರ: ಅಷ್ಟು ಬೇಗ ಬೇಡ. ಮೊದಲು ಎರಡೂ ಚಿತ್ರ ಯಾವ ತಿಂಗಳಿನವು ಅಂತ ನೋಡಿ. ಉಡುಪಿಯಲ್ಲಿ ಕೂತು ಇಂಥ ಚಿತ್ರ ನೋಡುವುದೇ ನನ್ನ ಕೆಲಸ. ತಿಂಗಳು ನೋಡಿದರೇ ಅರ್ಧ ವಾದ ಮುಗಿಯುತ್ತದೆ.

ಮಳೆ ಮುಗಿಯುವ ಹೊತ್ತಿಗೆ ನಮ್ಮ ಕಡೆ ಏಣೆಲು, ಅಂದ್ರೆ ಮಳೆಗಾಲದ ಭತ್ತದ ಗದ್ದೆಯೂ ಹಸಿರು, ಪದವಿನ (ಎತ್ತರದ ಬಯಲಿನ) ಹುಲ್ಲೂ ಹಸಿರು. ಮಾರ್ಚ್‌ಗೆ ಎತ್ತರದ ಬೆಟ್ಟು ಗದ್ದೆ ಬೋಳು, ಪದವು ಒಣಗಿ ಕಂದು. ನಿಮ್ಮ ಹಳೆಯ ಚಿತ್ರ ಮಾರ್ಚ್‌ದು, ಹೊಸದು ಅಕ್ಟೋಬರ್‌ದು ಆಗಿದ್ದರೆ ನೀವು ಕಂಡದ್ದು ಬರೀ ಮಳೆಯ ಕೈವಾಡ. ಮಳೆಗಾಲದಲ್ಲಂತೂ ಮೋಡ ಬಿಟ್ಟು ಬೇರೇನೂ ಸಿಗುವುದಿಲ್ಲ. ಎರಡೂ ವರ್ಷದ್ದು ಜನವರಿ ಚಿತ್ರವನ್ನೇ ಹುಡುಕಿ.

1990ರದ್ದು ಬಹುಶಃ ಲ್ಯಾಂಡ್‌ಸ್ಯಾಟ್ 5 ಉಪಗ್ರಹ ತೆಗೆದದ್ದು. ಮೂರು ವರ್ಷ ಬಾಳಿದರೆ ಸಾಕು ಅಂತ 1984ರಲ್ಲಿ ಹಾರಿಸಿದ್ದು, 2013ರ ತನಕ ದುಡಿಯಿತು! ಅದರ ಚಿತ್ರದ ಒಂದು ಚೌಕ (ಪಿಕ್ಸೆಲ್) ಅಂದ್ರೆ ನೆಲದಲ್ಲಿ 30 ಮೀಟರ್ ಉದ್ದ, 30 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು 22 ಸೆಂಟ್ಸ್. ಮನೆ, ಹಟ್ಟಿ, ಬಾವಿ, ಅಂಗಳದಲ್ಲಿ ಒಣಹಾಕಿದ ಅಡಿಕೆ, ಹಿತ್ತಿಲಿನ ನಾಲ್ಕು ತೆಂಗು ಎಲ್ಲಾ ಸೇರಿ ಒಂದೇ ಬಣ್ಣ.

ತಿಂಗಳು ಸರಿಮಾಡಿದ ಮೇಲೂ ಹಸಿರು ಜಾಸ್ತಿ ಇದ್ದರೆ, ಸರಿ, ನಿಜವೇ ಇರಬಹುದು. ಆದ್ರೆ ಯಾವ ಹಸಿರು? ತಗ್ಗಿನ ಬೈಲು ಗದ್ದೆ ಅಡಿಕೆ ತೋಟ ಆಗಿರುತ್ತದೆ, ಪದವಿನಲ್ಲಿ ಅಕೇಶಿಯಾ, ಗುಡ್ಡದಲ್ಲಿ ರಬ್ಬರ್. ಎಲೆ ಕೆಂಪು ಬೆಳಕನ್ನು ನುಂಗುತ್ತದೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ವಾಪಸ್ ಕಳಿಸುತ್ತದೆ. ಈ ಎರಡರ ವ್ಯತ್ಯಾಸ ಹಿಡಿದೇ ಹಸಿರು ಅಳೆಯುವುದು. ಆ ಲೆಕ್ಕದಲ್ಲಿ ದಟ್ಟ ಅಡಿಕೆ ತೋಟ ಒಳ್ಳೆಯ ಕಾಡಿಗೆ ಸರಿಸಾಟಿಯಾಗಿ ನಿಲ್ಲಬಹುದು. ಹಾಗಾಗಿ 'ಹಸಿರು ಇಷ್ಟು ಪರ್ಸೆಂಟ್ ಏರಿದೆ' ಅನ್ನುವ ಸುದ್ದಿ ಓದಿ ನಾನಂತೂ ಕುಣಿಯುವುದಿಲ್ಲ.

ರಬ್ಬರ್ ಮಾತ್ರ ಸುಲಭಕ್ಕೆ ಸಿಕ್ಕಿಬೀಳುತ್ತದೆ. ಚಳಿಗಾಲದಲ್ಲಿ ಇಡೀ ತೋಟ ಒಟ್ಟಿಗೆ ಎಲೆ ಉದುರಿಸಿ, ಕೆಲವೇ ವಾರದಲ್ಲಿ ಮತ್ತೆ ಚಿಗುರುತ್ತದೆ. ಈಗಿನದಕ್ಕೆ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳಿವೆ. ಒಂದು ಚೌಕ 10 ಮೀಟರ್, ಅಂದ್ರೆ ಎರಡೂವರೆ ಸೆಂಟ್ಸ್. ಐದು ದಿನಕ್ಕೊಮ್ಮೆ ಬರುವುದರಿಂದ ಆ ಎಲೆ ಉದುರುವುದೂ ಗೊತ್ತಾಗುತ್ತದೆ.

ದುಡ್ಡು ಕೊಟ್ಟು ಚಿತ್ರ ತರಿಸಬೇಡಿ. ಲ್ಯಾಂಡ್‌ಸ್ಯಾಟ್‌ನದ್ದು 2008ರಿಂದ ಎಲ್ಲರಿಗೂ ಉಚಿತ, ಅರ್ಥ್‌ಎಕ್ಸ್‌ಪ್ಲೋರರ್‌ ಅನ್ನುವ ಜಾಲತಾಣದಲ್ಲಿ ಸುಮ್ನೆ ಖಾತೆ ತೆರೆದರೆ ಸಾಕು. ಲ್ಯಾಂಡ್‌ಸ್ಯಾಟ್ 7ರ 2003ರ ನಂತರದ ಚಿತ್ರದಲ್ಲಿ ಕಪ್ಪು ಪಟ್ಟಿ ಬರುತ್ತದೆ, ಅದರ ಒಂದು ಭಾಗ ಕೆಟ್ಟಿತ್ತು. ಅವನ್ನು ಬಿಟ್ಟುಬಿಡಿ.

ಮತ್ತೆ, ಎರಡು ಚಿತ್ರ ಪಕ್ಕಪಕ್ಕ ಇಟ್ಟಾಗ ಮೊದಲು ನಿಮ್ಮೂರು ನೋಡಬೇಡಿ, ಕಾರ್ಕಳದ ಗೊಮ್ಮಟ ಬೆಟ್ಟದ ಬೋಳು ಬಂಡೆ ನೋಡಿ. ಗೊಮ್ಮಟ 1432ರಿಂದ ಅಲ್ಲೇ ನಿಂತಿದ್ದಾನೆ, ಬಂಡೆ ಎಲ್ಲಿಗೂ ಹೋಗಿಲ್ಲ. ಅದರ ಬಣ್ಣವೇ ಎರಡರಲ್ಲೂ ಬೇರೆ ಬೇರೆ ಕಂಡರೆ ಮಂಜೋ ಧೂಳೋ ಅಡ್ಡ ಬಂದಿದೆ ಅಂತ ಲೆಕ್ಕ, ಬೇರೆ ದಿನದ ಚಿತ್ರ ತೆಗೆದುಕೊಳ್ಳಿ.