ಮಳೆನಾಡಿನಲ್ಲಿ ಮಡಚು ಚಾಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಜೇಬಿನಲ್ಲಿಡುವ ಮಡಚು ಚಾಕುಗಳನ್ನು ಸಂಗ್ರಹಿಸುವುದು, ಅವುಗಳ ಹಿಡಿ ಬದಲಿಸಿ ಮನಸ್ಸಿಗೆ ಒಪ್ಪುವ ಹಾಗೆ ಮಾಡಿಕೊಳ್ಳುವುದು: ಈ ಹವ್ಯಾಸದ ಬಗ್ಗೆ ಕೊಡಗಿನ ಓದುಗರು ಬರೆದ ಪತ್ರಗಳನ್ನು ಈ ಸಲ ಆರಿಸಿಕೊಂಡಿದ್ದೇವೆ. ಊರು ಬೇರೆಬೇರೆಯಾದರೂ ಹೆಚ್ಚಿನವರ ದೂರು ತೇವದ್ದೇ. ಅಲ್ಲಿಂದಲೇ ಶುರು ಮಾಡೋಣ.

ಪ್ರಶ್ನೆ: ನನ್ನಲ್ಲಿ ಹತ್ತು ಹದಿನೈದು ಚಾಕುಗಳಿವೆ. ಕೊಬ್ಬರಿ ಎಣ್ಣೆ ಸವರಿ, ಚರ್ಮದ ಒರೆಗೆ ಹಾಕಿ ಬೀರುವಿನಲ್ಲಿಡುತ್ತೇನೆ. ಆದರೂ ಆಗಸ್ಟ್ ಹೊತ್ತಿಗೆ ಅಲಗಿನ ಮೇಲೆ ಕಂದು ಚುಕ್ಕೆ. ಕೆಲವನ್ನು ತೆರೆಯಲು ಹೋದರೆ ಉಗುರು ಕಿತ್ತು ಬರುವಷ್ಟು ಬಿಗಿ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಹೇಗೆ? (ಭಾಗಮಂಡಲ)

ಉತ್ತರ: ಒರೆ ಮತ್ತು ಎಣ್ಣೆ, ಎರಡನ್ನೂ ಬದಲಿಸಬೇಕು. ಹದ ಮಾಡುವಾಗ ಹಾಕಿದ ಉಪ್ಪು, ಆಮ್ಲಗಳ ಅಂಶ ಚರ್ಮದಲ್ಲಿ ಉಳಿದಿರುತ್ತದೆ. ಗಾಳಿಯ ತೇವವನ್ನೂ ಅದು ಹೀರಿಕೊಳ್ಳುತ್ತದೆ. ಒರೆ ಹೊರಗೆ ಹೋಗುವಾಗ ಸೊಂಟಕ್ಕೆ ಇರಲಿ, ಚಾಕುವನ್ನು ಅದರಲ್ಲೇ ತಿಂಗಳುಗಟ್ಟಲೆ ಬಿಡಬೇಡಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಗಟ್ಟಿಯಾಗುತ್ತದೆ. ನಿಮ್ಮ ಕಡೆ ವರ್ಷದ ಬಹುಪಾಲು ರಾತ್ರಿ ಅಷ್ಟು ತಂಪು ಇದ್ದೇ ಇರುತ್ತದೆ. ಹಳೆಯದಾದಂತೆ ಅದು ಕಮಟಿ, ಕೀಲಿನಲ್ಲಿ ಅಂಟಾಗಿ ಕೂರುತ್ತದೆ. ನಿಮ್ಮ ಚಾಕುಗಳು ಬಿಗಿಯಾಗಿರುವುದು ಹೆಚ್ಚಾಗಿ ಇದರಿಂದಲೇ.

ಮೊದಲು ಕೀಲನ್ನು ತೊಳೆಯಿರಿ. ಚಾಕುವನ್ನು ಅರ್ಧ ತೆರೆದು, ಕೀಲಿಗೆ ಸೀಮೆಎಣ್ಣೆ ಬಿಟ್ಟು, ಇಪ್ಪತ್ತು ಮೂವತ್ತು ಸಲ ತೆರೆದು ಮುಚ್ಚಿ. ಕಪ್ಪು ನೀರು ಬರುವುದು ನಿಲ್ಲುವವರೆಗೂ ಒರೆಸುತ್ತಿರಿ. ಒಂದು ದಿನ ಆರಿದ ಮೇಲೆ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ. ಅಲಗಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಫಿನ್ ಸಾಕು. ಅದು ಕಮಟುವುದಿಲ್ಲ, ಹಣ್ಣು ಕೊಯ್ಯುವ ಚಾಕುವಿಗೂ ತೊಂದರೆಯಿಲ್ಲ. ಬಟ್ಟೆಗೆ ಹಚ್ಚಿ ತೆಳ್ಳಗೆ ಸವರಿ. ಎಣ್ಣೆ ಹರಿಯುವಷ್ಟಾದರೆ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ.

ಇಡುವುದಕ್ಕೆ ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ. ಐದು ಲೀಟರಿನ ಡಬ್ಬಿಗೆ 100 ಗ್ರಾಂ ಸಿಲಿಕಾ ಜೆಲ್ ಧಾರಾಳ. ಒಣಗಿದ್ದಾಗ ಕಿತ್ತಳೆ ಬಣ್ಣ, ತೇವ ಹೀರಿದಾಗ ಹಸಿರಾಗುವ ಬಗೆಯದನ್ನು ಕೊಳ್ಳಿ. ನೀಲಿ ಬಗೆಯಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಮನೆಯ ಓವನ್ನಿಗೆ ಅದನ್ನು ತರುವುದು ಬೇಡ. ಹಸಿರಾದ ಜೆಲ್ಲನ್ನು 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ತೇವಾಂಶ ತೋರಿಸುವ ಪುಟ್ಟ ಮೀಟರ್ ಒಂದನ್ನು ಒಳಗಿಡಿ, ಅಂಕಿ 50ರ ಕೆಳಗೇ ಇರಲಿ. ಮಂಜು ಕವಿದ ಬೆಳಗ್ಗೆ ಡಬ್ಬಿ ತೆರೆಯಬೇಡಿ. ಒಳಗಿನ ಒಣ ಗಾಳಿ ಆಚೆ ಹೋಗಿ ಹೊರಗಿನದು ತುಂಬಿಕೊಳ್ಳುತ್ತದೆ.

ಅಟ್ಟ ಬೆಚ್ಚಗಿರುತ್ತದೆ, ನಿಜ. ಆದರೆ ಸೌದೆ ಹೊಗೆಯಲ್ಲಿ ಆಮ್ಲವಿದೆ. ಒಲೆ ಆರಿ ಲೋಹ ತಣ್ಣಗಾದಾಗ ಆ ಮಸಿಯ ಮೇಲೆ ನೀರಿನ ಪಸೆ ಕೂರುತ್ತದೆ. ಮೆಣಸಿಗೆ, ಮಾಂಸಕ್ಕೆ ಒಳ್ಳೆಯ ಜಾಗ, ಉಕ್ಕಿಗಲ್ಲ.

ಪ್ರಶ್ನೆ: ಮರದ ಹಿಡಿಯ ಒಪಿನೆಲ್ 8ನೇ ನಂಬರ್ ಚಾಕು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆಯುವುದೇ ಇಲ್ಲ. ಬೇಸಿಗೆಯಲ್ಲಿ ಸರಿಯಾಗಿರುತ್ತದೆ. (ಗೋಣಿಕೊಪ್ಪಲು)

ಉತ್ತರ: ಚಾಕುವಿನಲ್ಲಿ ದೋಷವಿಲ್ಲ. ಫ್ರಾನ್ಸಿನ ಸವೊಯ್ ಸೀಮೆಯಲ್ಲಿ 1890ರಲ್ಲಿ ಹುಟ್ಟಿದ ಈ ಚಾಕುವಿನ ಹಿಡಿ ಬೀಚ್ ಮರದ್ದು. ಅಲಗಿಗಾಗಿ ಕೊರೆದ ಸೀಳಿನ ಎರಡೂ ಗೋಡೆಗಳು ನೀರು ಹೀರಿ ಉಬ್ಬಿ, ಅಲಗಿನ ಬುಡವನ್ನು ಇಕ್ಕುಳದಂತೆ ಕಚ್ಚಿಹಿಡಿಯುತ್ತವೆ. ತಕ್ಷಣಕ್ಕೆ ಒಂದು ಉಪಾಯವಿದೆ, ಸವೊಯ್‌ನವರದ್ದೇ: ಉಂಗುರದ ಲಾಕ್ ತೆಗೆದು, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಚುರುಕಾಗಿ ಕುಟ್ಟಿ. ಅಲಗಿನ ತುದಿ ತುಸು ಮೇಲೇಳುತ್ತದೆ, ಅಲ್ಲಿ ಹಿಡಿದೆಳೆಯಿರಿ.

ಶಾಶ್ವತ ರಿಪೇರಿಗೆ ಫೆಬ್ರವರಿ, ಮಾರ್ಚ್ ತಿಂಗಳು ಸರಿ. ಮರ ಉಬ್ಬಿರುವಾಗ ಕೆರೆದರೆ ಬೇಸಿಗೆಯಲ್ಲಿ ಅಲಗು ಅಕ್ಕಪಕ್ಕ ಅಲ್ಲಾಡುತ್ತದೆ, ಅದನ್ನು ಮತ್ತೆ ಸರಿಪಡಿಸಲಾಗದು. 180 ನಂಬರ್ ಸ್ಯಾಂಡ್ ಪೇಪರನ್ನು ಮಡಚಿ ಸೀಳಿಗೆ ತೂರಿಸಿ, ಕೀಲಿನ ಹತ್ತಿರ ಮಾತ್ರ, ಎರಡೂ ಬದಿ ಸಮವಾಗಿ ಉಜ್ಜಿ. ಐದಾರು ಎಳೆತಕ್ಕೊಮ್ಮೆ ಅಲಗು ಆಡಿಸಿ ನೋಡಿ. ಬೇಸಿಗೆಯಲ್ಲಿ ಅಲಗು ಸಲೀಸಾಗಿ, ಆದರೆ ತನ್ನಷ್ಟಕ್ಕೆ ಬೀಳದಷ್ಟು ಬಿಗಿಯಾಗಿ ತೆರೆದರೆ ಅಲ್ಲಿಗೆ ನಿಲ್ಲಿಸಿ. ಬಳಿಕ ಅಂಗಡಿಯಲ್ಲಿ ಬಾಯ್ಲ್ಡ್ ಲಿನ್ಸೀಡ್ ಆಯಿಲ್ ಎಂದು ಸಿಗುವ ಅಗಸೆ ಎಣ್ಣೆಯನ್ನು ಹಿಡಿಗೆ, ಅದರಲ್ಲೂ ಸೀಳಿನೊಳಗೆ ಮತ್ತು ತುದಿಯಲ್ಲಿ ಹಚ್ಚಿ, 20 ನಿಮಿಷ ಬಿಟ್ಟು ಪೂರ್ತಿ ಒರೆಸಿ. ದಿನ ಬಿಟ್ಟು ದಿನ ಮೂರು ಕೈ. ರಾತ್ರಿಯಿಡೀ ಎಣ್ಣೆಯಲ್ಲಿ ಮುಳುಗಿಸಿಡುವುದನ್ನು ನಾವು ಒಪ್ಪುವುದಿಲ್ಲ. ಒಳಗೆ ಹೋದ ಎಣ್ಣೆ ಆರದೆ ತಿಂಗಳುಗಟ್ಟಲೆ ಜಿನುಗುತ್ತದೆ.

ದಯವಿಟ್ಟು ಇದನ್ನು ಮರೆಯಬೇಡಿ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳಬಹುದು. ತಂತಿಯ ಮೇಲೆ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿ.

ಪ್ರಶ್ನೆ: ತೋಟದಲ್ಲಿ ಹಳೆಯ ಕಾಫಿ ಗಿಡ ಕಿತ್ತು ಹೊಸದು ನೆಡುತ್ತಿದ್ದೇವೆ. ಆ ಮರದಿಂದಲೇ ನನ್ನ ಚಾಕುವಿಗೆ ಹಿಡಿ ಮಾಡುವ ಆಸೆ. ಒಮ್ಮೆ ಮಾಡಿದ್ದು ಸೀಳಿಹೋಯಿತು. ಚಾಕುವಿನ ಈಗಿನ ಪ್ಲಾಸ್ಟಿಕ್ ಹಿಡಿ ಸ್ಕ್ರೂ ಬಿಚ್ಚಿದರೆ ಕಳಚಿ ಬರುತ್ತದೆ. (ಸೋಮವಾರಪೇಟೆ)

ಉತ್ತರ: ಒಳ್ಳೆಯ ಆಸೆ. ಕಾಫಿ ಮರ ಗಟ್ಟಿ, ಎಳೆ ನಯ, ಹೊಳಪು ಚೆನ್ನಾಗಿ ಬರುತ್ತದೆ. ಸೀಳುವ ಗುಣ ಮಾತ್ರ ಬಹಳ. ಕಾಂಡದ ನಡುವಿನ ತಿರುಳು ತುಂಡಿನೊಳಗೆ ಉಳಿದಿದ್ದರೆ ಸೀಳುವುದು ಖಂಡಿತ. ಬುಡದ ಹತ್ತಿರ ಕನಿಷ್ಠ 8 ಸೆಂ.ಮೀ. ದಪ್ಪವಿರುವ ಕಾಂಡ ಆರಿಸಿ, ಕಡಿದ ದಿನವೇ ಎರಡೂ ತುದಿಗೆ ಕರಗಿಸಿದ ಮೇಣ ಬಳಿಯಿರಿ. ತಿರುಳು ಬಿಟ್ಟು ಎರಡು ಪಕ್ಕದಿಂದ 8 ಮಿ.ಮೀ. ಹಲಗೆ ಸೀಳಿಸಿ, ನೆರಳಲ್ಲಿ, ನಡುವೆ ಕಡ್ಡಿ ಕೊಟ್ಟು ಪೇರಿಸಿ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹಲಗೆಯ ಮೇಲೇ ಬರೆದಿಡಿ. ಮೂರು ವಾರ ತೂಕ ಬದಲಾಗದಿದ್ದರೆ ಆರಿದೆ ಎಂದರ್ಥ. ನವೆಂಬರಿನಲ್ಲಿ ಶುರು ಮಾಡಿದರೆ ಬೇಸಿಗೆಯೊಳಗೆ ಕೆಲಸಕ್ಕೆ ಸಿಗುತ್ತದೆ. ಮಳೆಗಾಲದಲ್ಲಿ ತೂಕ ನಿಂತರೂ ನಂಬಬೇಡಿ. ಆಗ ಅದು ಗಾಳಿಯ ತೇವಕ್ಕೆ ಹೊಂದಿಕೊಂಡಿರುತ್ತದೆ ಅಷ್ಟೇ.

ಸ್ಕ್ರೂಗಳು ಸಾಮಾನ್ಯವಾಗಿ ಟಿ6 ಅಥವಾ ಟಿ8 ಟಾರ್ಕ್ಸ್, ಅಂದರೆ ತಲೆಯಲ್ಲಿ ನಕ್ಷತ್ರದಾಕಾರದ ಗುಣಿ ಇರುವವು. ತಿರುಗದಿದ್ದರೆ ಬಲ ಹಾಕಬೇಡಿ, ನಕ್ಷತ್ರದ ಹಲ್ಲು ಸವೆದು ಹೋಗುತ್ತದೆ. ಕಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಅರ್ಧ ನಿಮಿಷ ತಲೆಗೆ ಒತ್ತಿ ಹಿಡಿದರೆ ಒಳಗಿನ ಅಂಟು ಸಡಿಲವಾಗುತ್ತದೆ. ಹಳೆಯ ಹಿಡಿಯ ದಪ್ಪವನ್ನು ವರ್ನಿಯರಿನಲ್ಲಿ ಅಳೆದುಕೊಳ್ಳಿ. ಹೊಸದೂ ಅಷ್ಟೇ ಇಲ್ಲದಿದ್ದರೆ ಸ್ಕ್ರೂ ಒಂದೋ ಮುಟ್ಟುವುದಿಲ್ಲ, ಇಲ್ಲ ಹಾದುಹೋಗಿ ಅಲಗಿಗೆ ತಾಗುತ್ತದೆ. ಗಾಜಿನ ಮೇಲೆ 120 ನಂಬರ್ ಸ್ಯಾಂಡ್ ಪೇಪರ್ ಹಾಸಿ ಮರದ ಒಳಮೈಯನ್ನು ಚಪ್ಪಟೆ ಮಾಡಿ. ಹಳೆಯ ಹಿಡಿಯನ್ನು ಎರಡು ಬದಿ ಅಂಟುವ ಟೇಪಿನಿಂದ ಅದರ ಮೇಲೆ ಕೂರಿಸಿ, ಅದರ ತೂತುಗಳ ಮೂಲಕವೇ ಡ್ರಿಲ್ ಇಳಿಸಿ. ಕೆಳಗೆ ಬೇರೆ ಮರದ ತುಂಡು ಇಲ್ಲದಿದ್ದರೆ ಹೊರಬರುವ ಕಡೆ ಚೂರು ಎದ್ದುಬರುತ್ತದೆ. ಸ್ಕ್ರೂ ತಲೆ ಕೂರುವ ಗುಣಿಯ ಕೆಳಗೆ ಕನಿಷ್ಠ 1.2 ಮಿ.ಮೀ. ಮರ ಉಳಿಯಲೇಬೇಕು. ಹಿಂದಿನದು ಸೀಳಿದ್ದು ತೂತಿನ ಸುತ್ತವೇ ಆಗಿದ್ದರೆ ಕಾರಣ ಇದೇ ಇರಬಹುದು.

ಹಳೆಯ ಹಿಡಿಯ ಅಂಚಿನಿಂದ ಅರ್ಧ ಮಿಲಿಮೀಟರ್ ಹೊರಗೆ ಗರಗಸ ಹಾಕಿ, ಉಳಿದದ್ದನ್ನು ಅರದಿಂದ ತೆಗೆಯಿರಿ. ಬಳಿಕ 150, 240, 400, 600ರಲ್ಲಿ ಉಜ್ಜಿ, ಮೇಲೆ ಹೇಳಿದ ಅಗಸೆ ಎಣ್ಣೆ ಹಚ್ಚಿ. ಒಳಮೈಗೂ ಎಣ್ಣೆ ಬೇಕು. ಹೊರಗೆ ಮಾತ್ರ ಹಚ್ಚಿದರೆ ಒಳಗಡೆಯಷ್ಟೇ ತೇವ ಹೀರಿ ಹಿಡಿ ಬಾಗುತ್ತದೆ. ಜೋಡಿಸುವಾಗ ಸ್ಕ್ರೂ ಎಳೆಗೆ ಸೂಜಿಮೊನೆಯಷ್ಟು, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕರ್; ಕೆಂಪು ಬೇಡವೇ ಬೇಡ. ಕೀಲಿನ ಸ್ಕ್ರೂವನ್ನು ಅಲಗಿನ ಅಲ್ಲಾಟ ನಿಲ್ಲುವವರೆಗೆ ಬಿಗಿದು, ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ.

ಪ್ರಶ್ನೆ: ತೋಟದಲ್ಲಿ ಕಡವೆಯ ಕೊಂಬು ಬಿದ್ದು ಸಿಕ್ಕಿದೆ. ಹಿಡಿಗೆ ಬಳಸಬಹುದೇ? (ವಿರಾಜಪೇಟೆ)

ಉತ್ತರ: ಬಳಸಬಾರದು. ತಾನಾಗಿ ಉದುರಿದ್ದಾದರೂ ಅಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೊಂಬು ಸೇರಿದಂತೆ ಕಾಡುಪ್ರಾಣಿಯ ಅಂಗಗಳನ್ನು ಇಟ್ಟುಕೊಳ್ಳುವುದಕ್ಕೇ ನಿರ್ಬಂಧವಿದೆ. ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸಿ, ಒಪ್ಪಿಸಿಬಿಡಿ. ಸಾಕಿದ ಎಮ್ಮೆಯ ಕೊಂಬು ಕರಕುಶಲ ಸಾಮಗ್ರಿಯಾಗಿ ಸಿಗುತ್ತದೆ. ಆದರೆ ಕೊಡಗಿನ ಹವೆಗೆ ನಾವು ಶಿಫಾರಸು ಮಾಡುವುದು ಮೈಕಾರ್ಟಾ, ಅಂದರೆ ಬಟ್ಟೆಯ ಪದರಗಳನ್ನು ಎಪಾಕ್ಸಿಯಂಥ ಗಟ್ಟಿಯಾಗುವ ರಾಳದಲ್ಲಿ ಅದ್ದಿ ಒತ್ತಿ ಮಾಡಿದ ಹಲಗೆ. ಹಳೆಯ ಹತ್ತಿ ಪಂಚೆಯಿಂದ ಮನೆಯಲ್ಲೇ ಮಾಡಬಹುದು: ಒಂದೊಂದು ಪದರಕ್ಕೂ ಎಪಾಕ್ಸಿ ಪೂರ್ತಿ ನೆನೆಯಬೇಕು, ಎರಡು ಹಲಗೆಗಳ ನಡುವೆ ಪ್ಲಾಸ್ಟಿಕ್ ಹಾಳೆ ಕೊಟ್ಟು ಬಿಗಿದು 24 ಗಂಟೆ ಬಿಡಬೇಕು. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ತಂದರೆ ಅರ್ಧ ಪದರ ಮುಗಿಯುವುದರೊಳಗೆ ಕೈಕೊಡುತ್ತದೆ. ಉಜ್ಜುವಾಗ ಮಾಸ್ಕ್ ಕಡ್ಡಾಯ.

ಪ್ರಶ್ನೆ: ಅಜ್ಜನ ಕಾಲದ ಚಾಕು ಸಿಕ್ಕಿದೆ. ಅಲಗಿನ ಮೇಲೆ ಜೋಸೆಫ್ ರಾಡ್ಜರ್ಸ್ ಎಂದೂ, ಕಿರೀಟದ ಅಕ್ಕಪಕ್ಕ ವಿ ಮತ್ತು ಆರ್ ಅಕ್ಷರಗಳೂ ಇವೆ. ಅಲಗು ಕಪ್ಪಾಗಿದೆ, ಹಿಡಿ ಬಿಳಿ. ಅಂಗಡಿಯಲ್ಲಿ ಬಫ್ ಮಾಡಿಸಲೇ? (ಮಡಿಕೇರಿ)

ಉತ್ತರ: ಬೇಡ. ಬಫ್ ಚಕ್ರ ಮೊದಲು ಅಳಿಸುವುದೇ ಆ ಅಕ್ಷರಗಳನ್ನು. ವಿ.ಆರ್. ಎಂದರೆ ವಿಕ್ಟೋರಿಯಾ ರಾಣಿಯ ಗುರುತು, ಆಕೆಯ ಆಳ್ವಿಕೆ 1837ರಿಂದ 1901. ರಾಡ್ಜರ್ಸ್ ಇಂಗ್ಲೆಂಡಿನ ಶೆಫೀಲ್ಡಿನ ಹೆಸರಾಂತ ಕಾರ್ಖಾನೆ. ಅದರ ಹೆಸರನ್ನು ಅನುಕರಿಸಿದವರೂ ಬಹಳ. ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆಯ (ತುದಿಗೆ ಅಗಲವಾಗುವ ನಾಲ್ಕು ತೋಳಿನದು) ಮುದ್ರೆ ಇದೆಯೇ, ಹೆಸರಿನ ಕಾಗುಣಿತ ಸರಿಯಾಗಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಕಪ್ಪು ಬಣ್ಣ ತುಕ್ಕಲ್ಲ, ಕಾರ್ಬನ್ ಉಕ್ಕಿನ ಸಹಜ ಪದರ; ಅದು ಅಲಗನ್ನು ಕಾಯುತ್ತದೆ. ಬೆರಳಿಗೆ ಹತ್ತುವ ಕೆಂಪು ಪುಡಿ ಇದ್ದರೆ ಮಾತ್ರ ಎಣ್ಣೆ ಹಾಕಿ 0000 ನಂಬರಿನ ಉಕ್ಕಿನ ನಾರಿನಿಂದ ಹಗುರಾಗಿ ಉಜ್ಜಿ.

ಬಿಳಿ ಹಿಡಿಯಲ್ಲಿ ಸಣ್ಣ ಕಂದು ಚುಕ್ಕೆ, ಗೀರುಗಳು ಕಂಡರೆ ಮೂಳೆ. ಚುಕ್ಕೆಯಿಲ್ಲದೆ, ತುದಿಯ ಅಡ್ಡಕೊಯ್ತದಲ್ಲಿ ಒಂದರ ಮೇಲೊಂದು ಹಾಯ್ದ ಬಿಲ್ಲಿನಾಕಾರದ ಗೆರೆಗಳು ಕಂಡರೆ ದಂತ. ದಂತವಾದರೆ ಮಾರುವಂತಿಲ್ಲ, ಮಾಲೀಕತ್ವದ ಪ್ರಮಾಣಪತ್ರದ ವಿಷಯವನ್ನು ಮಡಿಕೇರಿಯ ಅರಣ್ಯ ವಿಭಾಗದ ಕಚೇರಿಯಲ್ಲಿ ಕೇಳಿಕೊಳ್ಳಿ.

ಪ್ರಶ್ನೆ: ಸಂಗ್ರಹಕ್ಕೆ ಲೈಸೆನ್ಸ್ ಬೇಕೇ? (ಪೊನ್ನಂಪೇಟೆ)

ಉತ್ತರ: 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕುಗಳು, ಮನೆಗೆಲಸ, ಕೃಷಿಯಂಥ ಬಳಕೆಗೆಂದು ಮಾಡಿದವಕ್ಕೆ ವಿನಾಯಿತಿ ಇದೆ. ಸಾಮಾನ್ಯ ಜೇಬುಚಾಕು ಇದರ ಅರ್ಧದಷ್ಟೂ ಇರುವುದಿಲ್ಲ, ಹಾಗಾಗಿ ಆ ಪಟ್ಟಿಗೆ ಸೇರುವುದಿಲ್ಲ. ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ, ಒಪ್ಪಿಸುವ ಲಗೇಜಿನಲ್ಲಿಡಿ.

ಪ್ರಶ್ನೆ: ಕಸಿ ಚಾಕುವನ್ನು ಸಂತೆಯಲ್ಲಿ ಸಾಣೆ ಹಿಡಿಸಿದೆ. ಅಂಚು ನೀಲಿಯಾಯಿತು, ಎರಡೇ ದಿನಕ್ಕೆ ಮೊಂಡಾಯಿತು. (ಕುಶಾಲನಗರ)

ಉತ್ತರ: ಒಣ ಚಕ್ರದ ಬಿಸಿಗೆ ಹದ ಹೋಗಿದೆ. ಕಾರ್ಬನ್ ಉಕ್ಕು ಸುಮಾರು 300 ಡಿಗ್ರಿಯಲ್ಲಿ ನೀಲಿಯಾಗುತ್ತದೆ, ಆ ಭಾಗ ಮೆತ್ತಗಾಗಿ ಹರಿತ ನಿಲ್ಲುವುದಿಲ್ಲ. ನೀಲಿ ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ಮಾತ್ರ ಇದ್ದರೆ 400 ನಂಬರಿನ ನೀರುಕಲ್ಲಿನ ಮೇಲೆ ಅಷ್ಟನ್ನೂ ಸವೆಸಿ ತೆಗೆಯಿರಿ, ಒಳಗೆ ಗಟ್ಟಿ ಉಕ್ಕು ಸಿಗುತ್ತದೆ. ಬಳಿಕ 1000, 3000.

ಮಾಮೂಲಿ ಜೇಬುಚಾಕುವಿಗೆ ಒಂದೊಂದು ಬದಿಗೆ 15ರಿಂದ 20 ಡಿಗ್ರಿ. ಅಲಗು 20 ಮಿ.ಮೀ. ಅಗಲವಿದ್ದರೆ ಬೆನ್ನನ್ನು ಕಲ್ಲಿನಿಂದ 5 ಮಿ.ಮೀ. ಎತ್ತಿದಾಗ 15 ಡಿಗ್ರಿ ಬರುತ್ತದೆ. ಅಂಚಿಗೆ ಮಾರ್ಕರ್ ಶಾಯಿ ಬಳಿದು ಎರಡು ಸಲ ಎಳೆದು ನೋಡಿ: ತೀರಾ ತುದಿಯ ಶಾಯಿ ಉಳಿದಿದ್ದರೆ ಬೆನ್ನನ್ನು ಇನ್ನಷ್ಟು ಎತ್ತಬೇಕು. ಎದುರು ಬದಿಯಲ್ಲಿ ಬೆರಳಿಗೆ ಸಣ್ಣ ಮುರುಕು, ಅಂದರೆ ಮಸೆದಾಗ ಅಂಚಿನಾಚೆಗೆ ಮಡಚಿಕೊಳ್ಳುವ ತೆಳು ಉಕ್ಕು, ತಾಗುವವರೆಗೆ ಬದಿ ಬದಲಿಸಬೇಡಿ.

ಕಸಿ ಚಾಕು ಹೆಚ್ಚಾಗಿ ಒಂದೇ ಬದಿ ಇಳಿಜಾರಿನದು. ಇಳಿಜಾರಿನ ಕಡೆ ಮಾತ್ರ ಮಸೆಯಿರಿ. ಚಪ್ಪಟೆ ಬದಿಯನ್ನು 3000ರ ಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಎರಡು ಮೂರು ಸಲ ಎಳೆದು ಮುರುಕು ತೆಗೆದರೆ ಸಾಕು. ಅಲ್ಲಿ ಕೋನ ಬಿದ್ದರೆ ಕಸಿಯ ಕೊಯ್ತ ಸಮತಟ್ಟಾಗದೆ, ಎರಡು ತೊಗಟೆಗಳ ನಡುವೆ ಸಂದು ಉಳಿಯುತ್ತದೆ. ಗಿಡದಿಂದ ಗಿಡಕ್ಕೆ ಹೋಗುವಾಗ ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸಿ. ಕಿತ್ತಳೆ ಹಣ್ಣನ್ನೂ ಅದೇ ಚಾಕುವಿನಲ್ಲಿ ಹೆಚ್ಚಿದರೆ ರಸದ ಹುಳಿಗೆ ಅಂಚು ಬೇಗ ಹೋಗುತ್ತದೆ, ಅದಕ್ಕೆ ಬೇರೆ ಚಾಕು ಇಟ್ಟುಕೊಳ್ಳಿ.