‘ನಾನ್-ಡೇರಿ’ ಪುಡಿಯಲ್ಲೂ ಹಾಲು!

ಪ್ರಶ್ನೆ: ನಾಲ್ಕು ವರ್ಷದ ಮಗಳಿಗೆ ಹಾಲಿನ ಅಲರ್ಜಿ. ‘ನಾನ್-ಡೇರಿ’ (ಹಾಲಿಲ್ಲದ್ದು) ಎಂದು ಬರೆದ, ಹಾಲಿನ ಬದಲಿಗೆ ಬಳಸುವ ಕ್ರೀಮರ್ ಪುಡಿ ಬೆರೆಸಿ ಕೊಟ್ಟರೂ ಹತ್ತೇ ನಿಮಿಷದಲ್ಲಿ ತುಟಿ ಊದಿ ಮೈಮೇಲೆ ದದ್ದು ಎದ್ದವು. ಅದರ ಬದಲು ಲ್ಯಾಕ್ಟೋಸ್-ಮುಕ್ತ ಹಾಲು ಕೊಡಬಹುದೇ?

ಉತ್ತರ: ಬೇಡವೇ ಬೇಡ. ಲ್ಯಾಕ್ಟೋಸ್ ಎಂದರೆ ಹಾಲಿನ ಸಕ್ಕರೆ. ಅಲರ್ಜಿ ಬರುವುದು ಕೇಸಿನ್, ವೇ ಮುಂತಾದ ಹಾಲಿನ ಪ್ರೋಟೀನುಗಳಿಂದ. ಲ್ಯಾಕ್ಟೋಸ್-ಮುಕ್ತ ಹಾಲಿನಲ್ಲಿ ಅವು ಹಾಗೇ ಉಳಿದಿರುತ್ತವೆ. ಸಕ್ಕರೆ ಅರಗದವರಿಗೆ ಹೊಟ್ಟೆಯುಬ್ಬರ, ಭೇದಿ ಅಷ್ಟೆ. ಅಲರ್ಜಿ ಇದ್ದವರಿಗೆ ಉಸಿರಿಗೇ ಸಂಚಕಾರ ಬರಬಹುದು.

ಆ ಪುಡಿಯ ಪೊಟ್ಟಣವನ್ನು ತಿರುಗಿಸಿ ನೋಡಿ. ಇಂಥ ಪುಡಿಗಳಲ್ಲಿ ಅನೇಕಕ್ಕೆ ‘ಸೋಡಿಯಂ ಕೇಸಿನೇಟ್’ ಹಾಕಿರುತ್ತಾರೆ, ಅದು ಹಾಲಿನ ಪ್ರೋಟೀನೇ! ಮುಂದಿನ ದಪ್ಪಕ್ಷರ ಮಾರಾಟಕ್ಕೆ, ಹಿಂದಿನ ಸಣ್ಣಕ್ಷರ ನಿಮಗೆ. ವೇ ಪುಡಿ, ಲ್ಯಾಕ್ಟಾಲ್ಬುಮಿನ್, ಹಾಲಿನ ಘನಾಂಶ ಎಂದಿದ್ದರೂ ಅದು ಹಾಲೇ. ‘ಲ್ಯಾಕ್ಟಿಕ್ ಆಮ್ಲ’ ಕಂಡರೆ ಗಾಬರಿ ಬೇಡ. ಸಾಮಾನ್ಯವಾಗಿ ಅದನ್ನು ಸಸ್ಯಮೂಲದ ಸಕ್ಕರೆ ಹುಳಿಸಿ ಮಾಡುತ್ತಾರೆ.

ಪ್ರಶ್ನೆ: ‘ಕಡಲೆಕಾಯಿ ಅಂಶ ಇರಬಹುದು’ ಎಂಬ ಸಾಲು ಇಲ್ಲದಿದ್ದರೆ ಆ ಚಾಕೊಲೇಟ್ ತಿನ್ನಬಹುದೇ?

ಉತ್ತರ: ಅಷ್ಟಕ್ಕೇ ನಂಬಬೇಡಿ. ಬಹಳ ದೇಶಗಳಲ್ಲಿ ಆ ಸಾಲು ತಯಾರಕರ ಇಚ್ಛೆಗೆ ಬಿಟ್ಟದ್ದು, ಕಡ್ಡಾಯವಲ್ಲ. ಚಾಕೊಲೇಟಿನ ಯಂತ್ರಗಳನ್ನು ನೀರು ಹಾಕಿ ತೊಳೆಯುವುದು ಕಷ್ಟ. ತೇವ ಉಳಿದರೆ ಚಾಕೊಲೇಟ್ ಗಟ್ಟಿಯಾಗಿ ಕೆಡುತ್ತದೆ. ಹಾಗಾಗಿ ಮುಂದಿನ ಬ್ಯಾಚಿನ ಚಾಕೊಲೇಟನ್ನೇ ಹರಿಸಿ ಕೊಳವೆಯನ್ನು ಶುಚಿ ಮಾಡುವುದುಂಟು. ಹಿಂದಿನ ಬ್ಯಾಚಿನಲ್ಲಿ ಕಡಲೆಕಾಯಿ ಇದ್ದಿದ್ದರೆ ಅದರ ಚೂರು ಮುಂದಿನದರಲ್ಲೂ ಸಿಗಬಹುದು. ಕಂಪನಿಗೆ ಫೋನ್ ಮಾಡಿ ‘ಇದೇ ಯಂತ್ರದಲ್ಲಿ ಕಡಲೆಕಾಯಿ ಓಡಿಸುತ್ತೀರಾ, ಹೇಗೆ ಶುಚಿ ಮಾಡುತ್ತೀರಿ’ ಎಂದೇ ಕೇಳಿ. ತಿನಿಸಿನ ಹೆಸರು ಅದೇ ಇದ್ದರೂ ಪಾಕ ಬದಲಾಗಿರಬಹುದು. ಪ್ರತಿ ಸಲವೂ ಓದಿ.

ಹೊರದೇಶದ ಪೊಟ್ಟಣವಾದರೆ ಇನ್ನೊಂದು ತೊಡಕು. ಐರೋಪ್ಯ ಒಕ್ಕೂಟದಲ್ಲಿ 14 ಅಲರ್ಜಿಕಾರಕಗಳನ್ನು ಎತ್ತಿ ಹೇಳಲೇಬೇಕು, ಸಾಸಿವೆಯೂ ಅದರಲ್ಲಿದೆ. ಅಮೆರಿಕದ ಪಟ್ಟಿಯಲ್ಲಿ 9 ಮಾತ್ರ (ಎಳ್ಳು ಸೇರಿದ್ದೇ 2023ರಲ್ಲಿ). ಅಲ್ಲಿ ಸಾಸಿವೆ ‘ಮಸಾಲೆ’ ಎಂಬ ಒಂದೇ ಪದದೊಳಗೆ ಅಡಗಿರಬಹುದು.

ಪ್ರಶ್ನೆ: ಅಲರ್ಜಿಯಾದ ಕೂಡಲೇ ಆ್ಯಂಟಿಹಿಸ್ಟಮಿನ್ ಸಿರಪ್ ಕೊಟ್ಟರೆ ಸಾಕೇ?

ಉತ್ತರ: ಬರೀ ತುರಿಕೆ, ನಾಲ್ಕಾರು ದದ್ದಿಗೆ ಸಾಕಾಗಬಹುದು. ಉಸಿರಾಡಲು ಕಷ್ಟ, ಧ್ವನಿ ಒಡೆಯುವುದು, ಬಿಡದ ವಾಂತಿ, ಮಂಪರು ಇವುಗಳಲ್ಲಿ ಒಂದು ಕಂಡರೂ ಸಿರಪ್ಪಿಗೆ ಕಾಯದೆ, ವೈದ್ಯರು ಮೊದಲೇ ಬರೆದುಕೊಟ್ಟ ಪ್ರಮಾಣದ ಅಡ್ರಿನಲಿನ್ ಚುಚ್ಚುಮದ್ದನ್ನು ತೊಡೆಯ ನಡುಭಾಗದ ಹೊರಮೈಗೆ ಕೊಡಿ. ಮಲಗಿಸಿ, ಕಾಲು ಎತ್ತರಿಸಿ. ಉಸಿರು ಕಟ್ಟುತ್ತಿದ್ದರೆ ಕೂರಿಸಿ, ಆದರೆ ಎಬ್ಬಿಸಿ ನಡೆಸಬೇಡಿ. ಆಂಬುಲೆನ್ಸ್ ಕರೆಸಿ. 5 ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯದನ್ನು ಕೊಡಬೇಕಾಗುತ್ತದೆ. ಆದ್ದರಿಂದ ಸದಾ ಎರಡು ಜೊತೆಗಿರಲಿ.